ಫೋಟೋದಲ್ಲಿ ಮಗು ಎಲ್ಲಿದೆ?

ನಿನ್ನೆ ಸಂಜೆ ನಮ್ಮ ಕುಟುಂಬದ ಗ್ರೂಪಿಗೆ ತೀರ್ಥಹಳ್ಳಿ ಅತ್ತೆ ಒಂದು ಫೋಟೋ ಹಾಕಿದರು. ಮೂರು ಜನ ಹೆಂಗಸರು, ಉದ್ದ ಲಂಗ, ಕೊರಳ ತುಂಬ ಮಣಿಸರ, ಹೆಗಲಿಗೆ ಬಟ್ಟೆ ಗಂಟು. ಕೆಳಗೆ ಬರೆದದ್ದು: 'ಎಚ್ಚರಿಕೆ! ಮಕ್ಕಳ ಕಳ್ಳಿಯರು ಮಲೆನಾಡಿಗೆ ಬಂದಿದ್ದಾರೆ. ಹೇರ್‌ಪಿನ್ ಮಾರುವ ನೆಪದಲ್ಲಿ ಮನೆಗೆ ನುಗ್ಗುತ್ತಾರೆ. ಕಂಡಲ್ಲಿ ಹಿಡಿದು ಬುದ್ಧಿ ಕಲಿಸಿ. ಎಲ್ಲ ಗ್ರೂಪಿಗೂ ಕಳಿಸಿ.' ಮೇಲೆ ಎರಡು ಬಾಣದ ಗುರುತು, ಅಂದರೆ ಎಷ್ಟೋ ಕೈ ದಾಟಿ ಬಂದದ್ದು. ಆಮೇಲಿನ ಮಾತುಕತೆಯನ್ನು ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬೇಡ, ನನ್ನ ಫೋನಿನಲ್ಲಿ ಇರುವ ಹಾಗೇ ಇರಲಿ.

ತೀರ್ಥಹಳ್ಳಿ ಅತ್ತೆ: ಎಲ್ಲರೂ ಓದಿ. ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ.

ರಿಪ್ಪನ್‌ಪೇಟೆ ಚಿಕ್ಕಮ್ಮ: ಅಯ್ಯೋ ದೇವರೇ, ನಮ್ಮ ಕಡೆಗೂ ಮೊನ್ನೆ ಬಂದಿದ್ದರು! ನೋಡಿದರೇ ಗೊತ್ತಾಗುತ್ತೆ ಎಂಥವರು ಅಂತ.

ಭದ್ರಾವತಿ ಭಾವ: ಯಾವ ಊರಿನ ಮಗು ಕಾಣೆಯಾಗಿದೆ? ಯಾವ ಠಾಣೆಯಲ್ಲಿ ಕೇಸ್ ಆಗಿದೆ? ಇದನ್ನು ಬರೆದವರು ಯಾರು?

ತೀರ್ಥಹಳ್ಳಿ ಅತ್ತೆ: ಮೊಮ್ಮಗಳ ಶಾಲೆಯ ತಾಯಂದಿರ ಗ್ರೂಪಿನಲ್ಲಿ ಬಂದದ್ದು. ಓದಿದವರೇ ಹಾಕಿದ್ದಾರೆ.

ಭದ್ರಾವತಿ ಭಾವ: ಓದಿದವರು ಫೋಟೋ ದೊಡ್ಡದು ಮಾಡಿ ನೋಡಲಿಲ್ವಾ? ಹಿಂದೆ ನಿಂತ ಬಸ್ಸಿನ ಬೋರ್ಡ್ ತೆಲುಗಿನಲ್ಲಿದೆ.

ದೊಡ್ಡಪ್ಪ: ಫೋಟೋ ಎಲ್ಲಿಯದಾದರೇನು, ಜಾಗ್ರತೆ ತಪ್ಪಲ್ಲ. ನಮ್ಮ ಕಾಲದಲ್ಲಿ ಮಕ್ಕಳು ಹಿರಿಯರ ಕಣ್ಣೆದುರೇ ಬೆಳೆಯುತ್ತಿದ್ದರು. ಈಗ ತಾಯಂದಿರ ಕಣ್ಣು ಮೊಬೈಲಿನಲ್ಲಿ, ಮಕ್ಕಳು ಬೀದಿಯಲ್ಲಿ. ಮೊದಲು ಮನೆಯಲ್ಲಿ ಸಂಸ್ಕಾರ ಇರಬೇಕು.

ಅಕ್ಕ: ದೊಡ್ಡಪ್ಪ, ಇದರಲ್ಲಿ ತಾಯಂದಿರು ಎಲ್ಲಿಂದ ಬಂದರು?

ಸಾಗರದ ಅಣ್ಣ: ಇವರು ಎಳ್ಳಮಾವಾಸ್ಯೆ ಜಾತ್ರೆಗೆ ಬರುತ್ತಿದ್ದರಲ್ವಾ? ಅಜ್ಜಿ ಇಂಥವರ ಹತ್ತಿರವೇ ಮಣಿಸರ ಕೊಳ್ಳುತ್ತಿದ್ದರು. ತುಂಗೆಯಲ್ಲಿ ಮುಳುಗೆದ್ದು, ರಥ ನೋಡಿ, ಬೆಂಡು ಬತ್ತಾಸು ತಿಂದು, ತೆಪ್ಪೋತ್ಸವದ ರಾತ್ರಿ ಹೊಳೆ ದಂಡೆಯಲ್ಲೇ ನಿದ್ದೆ ಹೋಗುತ್ತಿದ್ದೆವು. ಈ ಸಲ ಎಲ್ಲರೂ ಸೇರೋಣ.

ರಿಪ್ಪನ್‌ಪೇಟೆ ಚಿಕ್ಕಮ್ಮ: ಮಣಿಸರ ಇರಲಿ. ಅಜ್ಜಿಯ ಅವಲಕ್ಕಿ ಸರ ಯಾರ ಮನೆ ಸೇರಿತು ಅಂತ ಕೇಳು ಮಾರಾಯ.

ಅವಲಕ್ಕಿ ಸರದ ಮೇಲೆ ಸುಮಾರು ಹೊತ್ತು ನಡೆಯಿತು. ಅದನ್ನು ಬಿಡುತ್ತೇನೆ. ಆ ಹೊತ್ತಿಗೆ ಫೋಟೋ ಮೇಲಕ್ಕೆ ಸರಿದು ಹೋಗಿತ್ತು, 'ಹಿಡಿದು ಬುದ್ಧಿ ಕಲಿಸಿ' ಅನ್ನುವ ಸಾಲಿನ ಬಗ್ಗೆ ಒಬ್ಬರೂ ಚಕಾರ ಎತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ, ಬರೆದೆ.

ನಾನು: ಅತ್ತೆ, ನನಗೂ ಮಗಳಿದ್ದಾಳೆ, ಭಯ ಗೊತ್ತು. ಆದರೆ 2018ರಲ್ಲಿ ಇಂಥದೇ ಸುದ್ದಿ ಹರಡಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಹೊಡೆದು ಕೊಂದರು. ಅದೇ ವರ್ಷ ಜುಲೈ 1ರಂದು ಮಹಾರಾಷ್ಟ್ರದ ಧುಲೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐದು ಜನರನ್ನು ಕೊಂದರು. ಐವರೂ ಊರೂರು ಅಲೆದು ಭಿಕ್ಷೆ ಬೇಡುವ ಗೋಸಾವಿಗಳು. ಎರಡು ವಾರ ಕಳೆಯುವುದರೊಳಗೆ ನಮ್ಮ ಬೀದರಿನ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದೇ ನೆಪವಾಯಿತು. ಇದೆಲ್ಲ ಆದ ಮೇಲೆ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಅಂತ ಮಾಡಿತು. ಈ ಫೋಟೋದಲ್ಲಿ ಮಗು ಎಲ್ಲಿದೆ, ತೋರಿಸಿ. ಮೂರು ಜನ ಬಸ್ಸಿಗೆ ಕಾಯುತ್ತಿದ್ದಾರೆ, ಅಷ್ಟೇ.

ರಿಪ್ಪನ್‌ಪೇಟೆ ಚಿಕ್ಕಮ್ಮ: ಹಕ್ಕಿಪಿಕ್ಕಿಗಳ ಹಾಗೆ ಕಾಣುತ್ತಾರೆ. ಬ್ರಿಟಿಷರೇ ಇಂಥ ಅಲೆಮಾರಿಗಳನ್ನು ಪಟ್ಟಿ ಮಾಡಿ ಕಾವಲು ಹಾಕಿದ್ದರಂತೆ. ಸುಮ್ನೆ ಹಾಕ್ತಾರಾ?

ನಾನು: ಹಾಕಿದ್ದರು ಚಿಕ್ಕಮ್ಮ. 1871ರ ಆ ಕಾಯ್ದೆಯ ಪ್ರಕಾರ ಕಳ್ಳತನ ಮಾಡಿರಬೇಕೆಂದೇ ಇರಲಿಲ್ಲ, ಆ ಜಾತಿಯಲ್ಲಿ ಹುಟ್ಟಿದರೆ ಸಾಕು, ಠಾಣೆಗೆ ಹಾಜರಿ ಹಾಕಬೇಕಿತ್ತು. 1952ರಲ್ಲಿ ಅದನ್ನು ತೆಗೆದುಹಾಕಿದರು. ಇನ್ನು ಹಕ್ಕಿಪಿಕ್ಕಿಗಳು ಶಿವಮೊಗ್ಗದ ಹತ್ತಿರವೇ ಮನೆ ಕಟ್ಟಿಕೊಂಡಿದ್ದಾರೆ. ತಮ್ಮೊಳಗೆ ವಾಗ್ರಿ ಮಾತಾಡುತ್ತಾರೆ, ನಮ್ಮ ಜೊತೆ ಕನ್ನಡ. ಆಫ್ರಿಕಾದವರೆಗೂ ಹೋಗಿ ಗಿಡಮೂಲಿಕೆ, ಎಣ್ಣೆ ಮಾರುವ ಜನ. 2023ರಲ್ಲಿ ಸುಡಾನ್ ಯುದ್ಧದಲ್ಲಿ ಸಿಕ್ಕಿಬಿದ್ದಾಗ ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಟಿವಿ ನೋಡಿ ಆಗ ನೀವೇ ಪಾಪ ಅಂದಿರಿ.

ಭದ್ರಾವತಿ ಭಾವ: 'ನೋಡಿದರೇ ಗೊತ್ತಾಗುತ್ತೆ' ಅನ್ನುವ ಮಾತು ನನಗೆ ಹೊಸದಲ್ಲ. ಹೆಣ್ಣು ನೋಡಲು ಬಂದ ದಿನ ಜಗಲಿಯಲ್ಲಿ ಕೂತೇ ಕೇಳಿಸಿಕೊಂಡಿದ್ದೆ. ಹುಡುಗ ಕಪ್ಪು, ಕಾರ್ಖಾನೆ ಕಾಲೋನಿಯವನು, ಮನೆಯಲ್ಲಿ ತಮಿಳು ಮಾತಾಡ್ತಾರಂತೆ, ಕುಡಿಯೋದೂ ಇರಬಹುದು ಅಂತ. ನಾನು ಇವತ್ತಿಗೂ ಕುಡಿಯುವುದಿಲ್ಲ.

ತೀರ್ಥಹಳ್ಳಿ ಅತ್ತೆ: ಯಾರು ಅಂದದ್ದು, ನಾನಾ? ನಿಮ್ಮ ಮದುವೆಗೆ ಎರಡು ಮೂಟೆ ಅಕ್ಕಿ ಕಳಿಸಿದವಳು ನಾನು. ಅದು ನೆನಪಾಗುವುದಿಲ್ಲ ಅಲ್ವಾ?

ಅಕ್ಕ: ಅತ್ತೆ, ಅಂದದ್ದು ನೀವೇ. ಅಡುಗೆಮನೆಯಲ್ಲಿ ನಾನೂ ಕೇಳಿಸಿಕೊಂಡಿದ್ದೆ.

ದೊಡ್ಡಪ್ಪ: ಹಿರಿಯರ ಹಳೆ ಮಾತು ಎತ್ತಿ ಆಡುವುದು ಸರಿಯಲ್ಲ. ಇಲ್ಲಿಗೆ ಮುಗಿಸಿ.

ಸಾಗರದ ಅಣ್ಣ: ಜಾತ್ರೆಗೆ ಯಾರ್ಯಾರು ಬರ್ತೀರಿ ಹೇಳಿ, ರೂಮು ನೋಡಬೇಕು.

ಭಾವನಿಗೆ ಒಬ್ಬರೂ ಉತ್ತರ ಕೊಡಲಿಲ್ಲ. ಇಷ್ಟು ವರ್ಷ ನಮ್ಮ ಮನೆಯ ಎಲ್ಲ ಕೆಲಸಕ್ಕೂ ಮೊದಲು ಬಂದು ನಿಲ್ಲುವವರು ಅವರು. ಆ ಮಾತು ಅವರೊಳಗೆ ಹಾಗೇ ಇದೆ ಅಂತ ತಿಳಿದು ನನಗೆ ತುಂಬಾ ಸಂಕಟವಾಯಿತು.

ರಾತ್ರಿ ಅತ್ತೆ ನನಗೊಬ್ಬಳಿಗೇ ಮೆಸೇಜ್ ಮಾಡಿದರು. ಮೊಮ್ಮಗಳು ಬಸ್ಸಿಳಿದು ಅಡಿಕೆ ತೋಟದ ದಾರಿಯಲ್ಲಿ ಒಬ್ಬಳೇ ನಡೆದು ಬರಬೇಕು, ಪಕ್ಕದ ಮನೆ ಕೂಗಿದರೂ ಕೇಳಿಸದಷ್ಟು ದೂರ, ಮಳೆಗಾಲದಲ್ಲಿ ಐದಕ್ಕೇ ಕತ್ತಲು. ಈ ಭಯ ನಿಜ. ನಾಳೆಯಿಂದ ಬಸ್ಸಿನ ಹೊತ್ತಿಗೆ ಯಾರಾದರೂ ಎದುರು ಹೋಗಲಿ ಅಂದೆ, ಒಪ್ಪಿದರು. ಆಮೇಲೆ ಕೇಳಿದೆ, ಆ ಫೋಟೋವನ್ನು ಇನ್ನೆಲ್ಲಿಗೆ ಕಳಿಸಿದ್ದೀರಿ? ಸ್ವಸಹಾಯ ಸಂಘದ ಗ್ರೂಪಿಗೂ, ಭಜನೆ ಗ್ರೂಪಿಗೂ ಕಳಿಸಿದ್ದರು.

ಅಲ್ಲಿಗೆ ಹಾಕಲು ನಾನೇ ನಾಲ್ಕು ಸಾಲು ಬರೆದುಕೊಟ್ಟೆ: 'ನಾನು ಕಳಿಸಿದ ಫೋಟೋ ನಮ್ಮ ಊರಿನದಲ್ಲ. ಅದರಲ್ಲಿರುವವರು ತಪ್ಪು ಮಾಡಿದ್ದಾರೆ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ದಯವಿಟ್ಟು ಯಾರ ಮೇಲೂ ಕೈ ಮಾಡಬೇಡಿ. ಅನುಮಾನ ಬಂದರೆ 112ಕ್ಕೆ, ಮಕ್ಕಳ ವಿಷಯವಾದರೆ 1098ಕ್ಕೆ ಫೋನ್ ಮಾಡಿ.'

ಅತ್ತೆಯ ಉತ್ತರ: 'ನಿನ್ನ ಭಾವ ಮೊದಲು ಆ ಜಗಲಿ ಮಾತನ್ನು ಗ್ರೂಪಿನಿಂದ ತೆಗೆಯಲಿ, ಆಮೇಲೆ ಹಾಕುತ್ತೇನೆ.'

ಭಾವ ತೆಗೆಯುವುದು ಬೇಡ ಅಂತಲೇ ನನ್ನ ಅಭಿಪ್ರಾಯ. ಸಂಘದ ಅಧ್ಯಕ್ಷೆಯ ನಂಬರು ಸಿಕ್ಕಿದೆ, ಬೆಳಿಗ್ಗೆ ನಾನೇ ಫೋನ್ ಮಾಡುತ್ತೇನೆ.