ನಾಳ ಸಡಿಲ ಮಾಡುವ ಹಾರ್ಮೋನು ಕಮ್ಮಿ ಅಂದ್ರೆ ಅದನ್ನೇ ಕೊಡಬಹುದಲ್ವಾ?

ಮಲ್ಲಿಗೆಮೊಗ್ಗು:
ಎರಡನೇ ಬಸಿರು, ಈಗ 14 ವಾರ. ಮೊದಲನೇ ಸಲ 33ನೇ ವಾರದಲ್ಲಿ ಬಿಪಿ 160/110 ಆಗಿ, ಕೈ ಮುಖ ಊದಿ, ಸೋಪು ಹಚ್ಚಿ ಎಳೆದರೂ ಉಂಗುರ ಬರಲಿಲ್ಲ, ಬೇಗ ಹೆರಿಗೆ ಮಾಡಿಸಬೇಕಾಯಿತು. ಈ ಸಲ ಡಾಕ್ಟರು ಈಗಲೇ ಆಸ್ಪಿರಿನ್ 150 ಮಿ.ಗ್ರಾಂ ಬರೆದಿದ್ದಾರೆ, ರಾತ್ರಿ ಒಂದು. ಯಾಕೆ ಅಂದರೆ "ರಕ್ತನಾಳ ಸಡಿಲ ಮಾಡೋ ಹಾರ್ಮೋನು ಕಮ್ಮಿ ಬೀಳುತ್ತೆ" ಅಂದರು. ಹೊರಗೆ ಜನ ಕಾಯುತ್ತಿದ್ದರು, ಮುಂದೆ ಕೇಳಲು ಆಗಲಿಲ್ಲ. ಕಮ್ಮಿ ಇದ್ದರೆ ಅದನ್ನೇ ಕೊಡಬಹುದಲ್ವಾ? ರಕ್ತ ತೆಳು ಮಾಡೋ ಮಾತ್ರೆ ಬಸುರಿಗೆ ಬೇಡ ಅಂತ ಅತ್ತೆ ಬೇರೆ ಶುರು ಮಾಡಿದ್ದಾರೆ.

ಔಷಧಿಮೇಷ್ಟ್ರು:
ಅವರು ಹೇಳಿದ್ದು ಪ್ರೋಸ್ಟಾಸೈಕ್ಲಿನ್ ಇರಬೇಕು. ನಾಳದ ಒಳಗೋಡೆಯೇ ಅದನ್ನು ತಯಾರಿಸುತ್ತದೆ. ಬಸಿರಿನಲ್ಲಿ ರಕ್ತ ಜಾಸ್ತಿ ಆದರೂ ನಡುವಿನ ತಿಂಗಳುಗಳಲ್ಲಿ ಬಿಪಿ ಇಳಿಯುವುದು ನಾಳಗಳು ಸಡಿಲ ಆಗುವುದರಿಂದಲೇ. ಥ್ರಾಂಬಾಕ್ಸೇನ್ ಇದಕ್ಕೆ ಉಲ್ಟಾ, ಪ್ಲೇಟ್‌ಲೆಟ್‌ಗಳಿಂದ ಬರುತ್ತದೆ, ನಾಳ ಬಿಗಿ ಮಾಡುತ್ತದೆ. ಬಸುರಿ ನಂಜಿನಲ್ಲಿ (ಪ್ರೀಎಕ್ಲಾಂಪ್ಸಿಯಾ, ಮೊದಲ ಸಲ ನಿಮಗೆ ಬಿಪಿ ಏರಿದ್ದು ಇದೇ ಇರಬೇಕು) ತಕ್ಕಡಿ ಥ್ರಾಂಬಾಕ್ಸೇನ್ ಕಡೆ ವಾಲುತ್ತದೆ.

ಪ್ರೋಸ್ಟಾಸೈಕ್ಲಿನ್ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ, ಕೊಡುವುದಾದರೆ ಹಗಲೂ ರಾತ್ರಿ ಡ್ರಿಪ್ ಹಾಕಿಕೊಂಡೇ ಇರಬೇಕು. ಹಾಗಾಗಿ ತಕ್ಕಡಿಯ ಇನ್ನೊಂದು ತಟ್ಟೆ ಹಗುರ ಮಾಡುತ್ತಾರೆ. ಕಡಿಮೆ ಡೋಸ್ ಆಸ್ಪಿರಿನ್ ಎರಡನ್ನೂ ತಡೆಯುತ್ತದೆ, ಆದರೆ ನಾಳದ ಗೋಡೆ ಬೇಗ ಚೇತರಿಸಿಕೊಂಡು ಮತ್ತೆ ತಯಾರಿಸುತ್ತದೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಹಾಗೆ ಚೇತರಿಸಿಕೊಳ್ಳಲಾರದು, ಬದುಕಿರುವ ಎಂಟು ಹತ್ತು ದಿನ ಅದರ ಕೈ ಕಟ್ಟಿದ ಹಾಗೇ. ಆಸ್ಪಿರಿನ್ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸಿದ ಜಾನ್ ವೇನ್ ಅವರ ತಂಡವೇ 1976ರಲ್ಲಿ ಪ್ರೋಸ್ಟಾಸೈಕ್ಲಿನ್ ಕಂಡುಹಿಡಿದದ್ದು, 1982ರಲ್ಲಿ ಅವರಿಗೆ ನೊಬೆಲ್ ಬಂತು.

ಸುಮ್ನೆಕೇಳ್ತೀನಿ:
ಮೇಷ್ಟ್ರೇ, ತಕ್ಕಡಿ ಸರಿ, ಆದರೆ ಅದನ್ನು ವಾಲಿಸುವುದು ಮಾಸು ಅಲ್ವಾ? ರಕ್ತ ಸಾಲದ ಮಾಸು ಎಸ್‌ಫ್ಲಿಟ್-1 ಅನ್ನುವ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ, ಅದು ನಾಳವನ್ನು ಆರೋಗ್ಯವಾಗಿಡುವ ಅಂಶಗಳನ್ನು ಹಿಡಿದುಹಾಕುತ್ತದೆ. ಗೋಡೆ ಸೊರಗಿದ ಮೇಲೆ ಪ್ರೋಸ್ಟಾಸೈಕ್ಲಿನ್, ಅದರ ಹಾಗೇ ನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್, ಎರಡೂ ಕಮ್ಮಿ. 2003ರಲ್ಲಿ ಬೋಸ್ಟನ್‌ನಲ್ಲಿ ಅನಂತ್ ಕರುಮಂಚಿ ಅವರ ತಂಡ ಇದನ್ನೇ ತೋರಿಸಿತು. ನಾಳ ಸಡಿಲಿಸಿದರೆ ಮುಗಿಯಿತು ಅನ್ನುವ ಹಾಗಿಲ್ಲ. ಹೊಟ್ಟೆಯಲ್ಲಿ ಮಗು ಸರಿಯಾಗಿ ಬೆಳೆಯದವರಿಗೆ ನಾಳ ಸಡಿಲಿಸುವ ಸಿಲ್ಡೆನಾಫಿಲ್ ಮಾತ್ರೆ ಕೊಟ್ಟು ನೋಡಿದ ನೆದರ್ಲೆಂಡ್ಸ್‌ನವರು, ಹುಟ್ಟಿದ ಮಕ್ಕಳಿಗೆ ಶ್ವಾಸಕೋಶದ ತೊಂದರೆ ಕಂಡು 2018ರಲ್ಲಿ ಅರ್ಧಕ್ಕೇ ನಿಲ್ಲಿಸಿದರು.

ಎರಡು_ಮಕ್ಕಳ_ಅಮ್ಮ:
ಅಯ್ಯೋ, ಹೆದರಿಸಬೇಡ್ರಪ್ಪಾ. ತಂಗಿ, ನಾನೂ ನುಂಗಿದ್ದೀನಿ. 16 ವಾರದೊಳಗೆ ಶುರು ಮಾಡಿದರೇ ಚೆನ್ನಾಗಿ ಕೆಲಸ ಮಾಡೋದು, ನಿನ್ನ ಡಾಕ್ಟರು ಸರಿಯಾದ ಹೊತ್ತಿಗೇ ಬರೆದಿದ್ದಾರೆ. 2017ರಲ್ಲಿ ಬಂದ ಆಸ್‌ಪ್ರೆ ಅಧ್ಯಯನದಲ್ಲಿ ನಂಜಿನ ಅಪಾಯ ಜಾಸ್ತಿ ಇದ್ದವರಿಗೆ ಇದೇ 150 ಕೊಟ್ಟಿದ್ದರು. 37 ವಾರದೊಳಗೆ ಹೆರಿಗೆ ಮಾಡಿಸಬೇಕಾಗುವಂಥ ನಂಜು ಶೇ. 4.3ರಿಂದ 1.6ಕ್ಕೆ ಇಳಿಯಿತು. ಸೊನ್ನೆ ಆಗಲಿಲ್ಲ ನೋಡು. ಅದಕ್ಕೇ ತಾಯಿ ಕಾರ್ಡಿನಲ್ಲಿ ಬಿಪಿ ಬರೆಸೋದು ತಪ್ಪಿಸಬೇಡ. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಇದರಲ್ಲಿ ಒಂದು ಕಂಡರೂ ರಾತ್ರಿ ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಹೊರಡು. ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ಅವರನ್ನೇ ಕೇಳು, ನನಗೆ 36ಕ್ಕೆ ನಿಲ್ಲಿಸಿದರು.

ಮಲ್ಲಿಗೆಮೊಗ್ಗು:
ಎಲ್ಲರಿಗೂ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳಿದೆ. ತಕ್ಕಡಿ ಅರ್ಥ ಆಯಿತಂತೆ, ಆದರೂ ಮಾತ್ರೆ ಊಟ ಆದ ಮೇಲೇ ನುಂಗಬೇಕಂತೆ. ಮನೆಗೆ ಬಿಪಿ ಮೆಷಿನ್ ತರಿಸ್ತಿದ್ದೀನಿ, ತೋಳಿಗೆ ಕಟ್ಟೋದಾ ಮಣಿಕಟ್ಟಿಗಾ?

ಔಷಧಿಮೇಷ್ಟ್ರು:
ತೋಳಿಗೆ. ಪಟ್ಟಿಯ ಅಳತೆ ನೋಡಿ ತಗೊಳ್ಳಿ.