ಎಲ್ಲದಕ್ಕೂ ಲೆಕ್ಕ ಹಾಕಿದರೆ ಉತ್ತರ ಸಿಗುತ್ತಾ?

ಪ್ರಶ್ನೆ: ನಾನು ವಿಜಯಪುರದವನು, ಬಿಎಸ್ಸಿ ಮಾಡಿದ್ದೇನೆ. ರೊಟ್ಟಿ ಹಿಟ್ಟಿಗೆ ಕುದಿಯುವ ನೀರೇ ಯಾಕೆ ಅಂತ ಅವ್ವನನ್ನು ಕೇಳಿ, ಕೊನೆಗೆ ನಾನೇ ಹುಡುಕಿದೆ. ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಅನ್ನೋ ಅಂಟು ಜೋಳದಲ್ಲಿ ಇಲ್ಲ, ಬಿಸಿನೀರಿಗೆ ಪಿಷ್ಟ ಅಂಟಾಗಿ ಹಿಟ್ಟು ಕೂಡುತ್ತದೆ. ಆದರೆ ಅಪ್ಪನ ಹೊಲ ಮಾರಬೇಕಾ ಅಂತ ವಾರದಿಂದ ಲೆಕ್ಕ ಹಾಕುತ್ತಿದ್ದೇನೆ, ಉತ್ತರವೇ ಇಲ್ಲ.

ಉತ್ತರ: ಪ್ರಶ್ನೆನೇ ಬೇರೆ ತಮ್ಮಾ. 'ಹೀಗಿದೆ' ಅನ್ನೋದರಿಂದ 'ಹೀಗೆ ಮಾಡಬೇಕು' ಅನ್ನೋದು ತಾನಾಗಿ ಹುಟ್ಟಲ್ಲ ಅಂತ ತತ್ವಜ್ಞಾನಿ ಡೇವಿಡ್ ಹ್ಯೂಮ್ 1740ರಲ್ಲೇ ಬರೆದಿದ್ದಾನೆ. ಮಣ್ಣು ಪರೀಕ್ಷೆ ಸಾರಜನಕ ಎಷ್ಟಿದೆ ಅಂತ ಹೇಳುತ್ತದೆ, ಅಪ್ಪನಿಗೆ ಆ ಹೊಲ ಏನು ಅಂತ ಹೇಳಲ್ಲ.

ಇನ್ನೊಂದು ಉತ್ತರ: ಹಂಗಂತ ಲೆಕ್ಕ ಬಿಡಬೇಡಿ! ನಮ್ಮೂರಲ್ಲಿ ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಜಾಗ ತೋರಿಸುತ್ತಾರೆ, ನೀರು ಬಿದ್ದದ್ದಷ್ಟೇ ಜನಕ್ಕೆ ನೆನಪು, ಒಣಗಿದ್ದನ್ನು ಯಾರೂ ಎಣಿಸಲ್ಲ.

ಕೇಳಿದವರು: ಸುಮ್ನೆ ಅಪ್ಪನನ್ನೇ ಕೇಳಿದೆ. ನಕ್ಕರು, ಹಿಂಗಾರಿ ಬಿತ್ತನೆಗೆ ಕೂರಿಗೆ ಸರಿಮಾಡು ಅಂದರು.