ಪದಚರ್ಚೆ: ‘ಪ್ರೈವೇಟ್ ರಿಜಿಸ್ಟ್ರಿ’ಗೆ ‘ಖಾಸಗಿ ನೋಂದಣಿ’ ಎಂದರೆ ಸಾಕೇ?

ಮಾನ್ಯರೇ,

ಒಂದು ಸಂಸ್ಥೆ ತನ್ನ ತಂತ್ರಾಂಶದ ಪ್ಯಾಕೇಜುಗಳನ್ನು (ಮರುಬಳಕೆಗೆಂದು ಕಟ್ಟಿಟ್ಟ ಸಂಕೇತದ ತುಣುಕುಗಳನ್ನು) ಹೊರಗಿನವರಿಗೆ ಬಿಟ್ಟುಕೊಡದೆ, ತನ್ನ ತಂಡಗಳ ನಡುವೆ ಮಾತ್ರ ಹಂಚಿಕೊಳ್ಳುವ ‘ಪ್ರೈವೇಟ್ ರಿಜಿಸ್ಟ್ರಿ’ ಎಂಬ ವ್ಯವಸ್ಥೆಯ ಕುರಿತು ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಪಾಠಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಪ್ಯಾಕೇಜ್, ಸರ್ವರ್, ಟೋಕನ್, ಲಾಗಿನ್ ಮುಂತಾದ ಪದಗಳನ್ನು ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ. ಅವು ಬಳಕೆಯಲ್ಲಿ ಬೇರೂರಿವೆ. ತೊಡಕಾಗಿರುವುದು ಇಂಗ್ಲಿಷಿನಲ್ಲಿ ಸಾಮಾನ್ಯ ಪದಗಳಂತೆ ಕಾಣುತ್ತಾ, ಈ ಕಸುಬಿನೊಳಗೆ ಬೇರೆಯೇ ಅರ್ಥ ಪಡೆದಿರುವ ಕೆಲವು ಮಾತುಗಳು. ಅವುಗಳಲ್ಲಿ ಮೊದಲನೆಯದು ‘ಪ್ರೈವೇಟ್’.

ನಿಘಂಟು ನೋಡಿ ‘ಖಾಸಗಿ’ ಎಂದು ಬರೆದೆ. ಆದರೆ ಖಾಸಗಿ ಎಂದೊಡನೆ ನಮಗೆ ಹೊಳೆಯುವುದು ‘ಸರ್ಕಾರದ್ದಲ್ಲದ್ದು’ ಎಂಬ ಅರ್ಥ. ಖಾಸಗಿ ಬಸ್ಸನ್ನು ಟಿಕೆಟ್ ಕೊಳ್ಳುವ ಯಾರು ಬೇಕಾದರೂ ಹತ್ತಬಹುದು, ಖಾಸಗಿ ಆಸ್ಪತ್ರೆಯ ಬಾಗಿಲೂ ಹಣವಿದ್ದವರಿಗೆಲ್ಲ ತೆರೆದೇ ಇರುತ್ತದೆ. ಈ ಲೆಕ್ಕದಲ್ಲಿ, ಜಗತ್ತಿನ ಯಾರಾದರೂ ಪ್ಯಾಕೇಜು ಇಳಿಸಿಕೊಳ್ಳಬಹುದಾದ, ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ವ್ಯವಸ್ಥೆಯಾದ ಎನ್‌ಪಿಎಂನ ಸಾರ್ವಜನಿಕ ರಿಜಿಸ್ಟ್ರಿಯೇ ಖಾಸಗಿ ಎನಿಸಿಕೊಳ್ಳಬೇಕಾಗುತ್ತದೆ. ಏಕೆಂದರೆ 2020ರಿಂದ ಅದು ಮೈಕ್ರೋಸಾಫ್ಟ್ ಒಡೆತನದ ಗಿಟ್‌ಹಬ್‌ನ ಕೈಯಲ್ಲಿದೆ.

ಇಂಗ್ಲಿಷಿನಲ್ಲೂ ಈ ಪದದ ಸ್ಥಿತಿ ಅಷ್ಟೇನೂ ಚೆನ್ನಾಗಿಲ್ಲ. ಎನ್‌ಪಿಎಂ ಒಂದರಲ್ಲೇ ಅದು ಮೂರು ಕಡೆ ಮೂರು ಅರ್ಥದಲ್ಲಿ ಬರುತ್ತದೆ. ‘ಪ್ರೈವೇಟ್ ರಿಜಿಸ್ಟ್ರಿ’ ಎಂದರೆ ಸಂಸ್ಥೆಯ ಒಳಗಿನವರು ಬಳಸುವ ರಿಜಿಸ್ಟ್ರಿ. ‘ಪ್ರೈವೇಟ್ ಪ್ಯಾಕೇಜ್’ ಎಂದರೆ ಸಾರ್ವಜನಿಕ ರಿಜಿಸ್ಟ್ರಿಯಲ್ಲಿಯೇ ಇದ್ದು, ಅನುಮತಿ ಪಡೆದವರಿಗೆ ಮಾತ್ರ ಸಿಗುವ ಪ್ಯಾಕೇಜು. ಮೂರನೆಯದು, ಪ್ಯಾಕೇಜಿನ ವಿವರಗಳಿರುವ ಪ್ಯಾಕೇಜ್ ಡಾಟ್ ಜೇಸನ್ ಕಡತದಲ್ಲಿ ಬರೆಯುವ ‘ಪ್ರೈವೇಟ್: ಟ್ರೂ’ ಎಂಬ ಸಾಲು. ಇದನ್ನು ಬರೆದರೆ ಎನ್‌ಪಿಎಂ ಆ ಪ್ಯಾಕೇಜನ್ನು ಎಲ್ಲಿಗೂ ಪ್ರಕಟಿಸಲು ಒಪ್ಪುವುದಿಲ್ಲ, ಸಂಸ್ಥೆಯ ಸ್ವಂತ ರಿಜಿಸ್ಟ್ರಿಗೂ ಕೂಡ. ಅಂದರೆ ಪ್ರೈವೇಟ್ ರಿಜಿಸ್ಟ್ರಿಗೆ ಹೋಗಬೇಕಾದ ಪ್ಯಾಕೇಜಿನಲ್ಲಿ ಪ್ರೈವೇಟ್ ಎಂದು ಬರೆಯಲೇಬಾರದು! ಮೂರಕ್ಕೂ ‘ಖಾಸಗಿ’ ಎಂದು ಬರೆದ ನನ್ನ ಮೊದಲ ಕರಡನ್ನು ಓದಿದ ವಿದ್ಯಾರ್ಥಿಯೊಬ್ಬ ಸರಿಯಾಗಿ ಇಲ್ಲಿಯೇ ಮುಗ್ಗರಿಸಿದ. ತಪ್ಪು ಅವನದ್ದಲ್ಲ, ನನ್ನ ಪದದ್ದು.

ಹೀಗಾಗಿ ಮೂರಕ್ಕೂ ಮೂರು ಮಾತು ಬಳಸಬೇಕೆಂದು ತೀರ್ಮಾನಿಸಿದ್ದೇನೆ. ರಿಜಿಸ್ಟ್ರಿಗೆ ‘ಒಳಬಳಕೆಯ’ ಎಂದೂ, ಪ್ಯಾಕೇಜಿಗೆ ‘ನಿರ್ಬಂಧಿತ’ ಎಂದೂ ಹಾಕಿದ್ದೇನೆ. ಎರಡನೆಯದಕ್ಕೆ ಎನ್‌ಪಿಎಂನ ಆದೇಶಗಳಲ್ಲೇ ‘ರಿಸ್ಟ್ರಿಕ್ಟೆಡ್’ ಎಂಬ ಪದದ ಬೆಂಬಲವಿದೆ. ಕಡತದ ಸಾಲನ್ನು ವಿವರಿಸುವಲ್ಲಿ, ಸಂಪಾದಕರಿಗೆ ಪತ್ರ ಬರೆಯುವವರು ಮೇಲೆ ನಮೂದಿಸುವ ‘ಪ್ರಕಟಣೆಗಲ್ಲ’ ಎಂಬ ಮಾತು ಅಚ್ಚುಕಟ್ಟಾಗಿ ಕೂರುತ್ತದೆ ಎನಿಸಿತು.

‘ರಿಜಿಸ್ಟ್ರಿ’ಯ ಪ್ರಶ್ನೆ ಇನ್ನೊಂದು ಬಗೆಯದು. ‘ನೋಂದಣಿ’ ಎಂದರೆ ಓದುಗರಿಗೆ ಉಪನೋಂದಣಾಧಿಕಾರಿಯ ಕಚೇರಿ ನೆನಪಾಗುತ್ತದೆ. ಅಲ್ಲಿ ಮನೆಯ ಪತ್ರ ದಾಖಲಾಗುತ್ತದೆಯೇ ಹೊರತು ಮನೆಯೇ ಹೋಗಿ ಕೂರುವುದಿಲ್ಲ. ಪ್ಯಾಕೇಜಿನ ರಿಜಿಸ್ಟ್ರಿಯಲ್ಲಾದರೋ ಹೆಸರು, ಆವೃತ್ತಿ, ಅವಲಂಬನೆಗಳ (ಅದು ನೆಚ್ಚಿರುವ ಇತರ ಪ್ಯಾಕೇಜುಗಳ) ದಾಖಲೆಯ ಜೊತೆಗೆ ಸರಕೂ ಅಲ್ಲಿಂದಲೇ ಬರುತ್ತದೆ. ಹಾಗೆಂದು ‘ಉಗ್ರಾಣ’ ಎನ್ನೋಣವೆಂದರೆ ಅದನ್ನು ‘ರೆಪಾಸಿಟರಿ’ಗೆ ಮೀಸಲಿಡಬೇಕೇ ಎಂಬ ಅನುಮಾನ ಕಾಡುತ್ತದೆ. ಆ ರೆಪಾಸಿಟರಿಯ ಗಾತ್ರವೂ ಊರಿಂದೂರಿಗೆ ಬದಲಾಗುವ ಸೇರಿನ ಅಳತೆಯಂತೆ, ಒಂದೊಂದು ತಂತ್ರಾಂಶ ಸಾಧನದಲ್ಲಿ ಒಂದೊಂದು ಬಗೆ: ಗಿಟ್‌ನಲ್ಲಿ ಅದು ಒಂದು ಯೋಜನೆಯ ಮೂಲಸಂಕೇತ, ಡಾಕರ್‌ನಲ್ಲಿ ರಿಜಿಸ್ಟ್ರಿಯೊಳಗೆ ಒಂದೇ ಹೆಸರಿನಡಿ ಇರುವ ಇಮೇಜುಗಳ (ಓಡಿಸಲು ಸಿದ್ಧವಾಗಿ ಕಟ್ಟಿಟ್ಟ ತಂತ್ರಾಂಶಗಳ) ಗುಂಪು, ಮೇವೆನ್‌ನಲ್ಲಿ ಪ್ಯಾಕೇಜುಗಳ ಇಡೀ ಸಂಗ್ರಹ. ನಾನು ಸದ್ಯಕ್ಕೆ ‘ರಿಜಿಸ್ಟ್ರಿ’ ಎಂದೇ ಉಳಿಸಿಕೊಂಡು, ಮೊದಲ ಬಾರಿ ಬರುವಲ್ಲಿ ‘ದಫ್ತರವೂ ಉಗ್ರಾಣವೂ ಒಂದೇ ಆಗಿರುವ ಜಾಗ’ ಎಂದು ಬಿಡಿಸಿ ಹೇಳಿದ್ದೇನೆ.

ಒಳಬಳಕೆಯ ರಿಜಿಸ್ಟ್ರಿ ತನ್ನಲ್ಲಿಲ್ಲದ ಪ್ಯಾಕೇಜನ್ನು ತಂದುಕೊಳ್ಳುವ ಹೊರಗಿನ ಮೂಲವನ್ನು ‘ಅಪ್‌ಸ್ಟ್ರೀಮ್’ ಎನ್ನುತ್ತಾರೆ. ಇದಕ್ಕೆ ಹೆಚ್ಚು ಯೋಚಿಸಬೇಕಾಗಲಿಲ್ಲ; ಕೃಷ್ಣಾ ಮೇಲ್ದಂಡೆ, ಭದ್ರಾ ಮೇಲ್ದಂಡೆಗಳ ಹೆಸರು ಕೇಳಿ ಬೆಳೆದ ನಮಗೆ ‘ಮೇಲ್ದಂಡೆಯ ರಿಜಿಸ್ಟ್ರಿ’ ಎಂದರೆ ತಾನಾಗಿಯೇ ತಿಳಿಯುತ್ತದೆ.

‘ಸ್ಕೋಪ್’ ಎಂಬುದಕ್ಕೆ ‘ವ್ಯಾಪ್ತಿ’ ಸಲ್ಲದು. ಎನ್‌ಪಿಎಂನಲ್ಲಿ ಇದು ಪ್ಯಾಕೇಜಿನ ಹೆಸರಿಗೆ ಮೊದಲು ಆಟ್ ಚಿಹ್ನೆಯೊಡನೆ ಬರುವ ಒಡೆಯರ ಹೆಸರು. ವ್ಯಕ್ತಿಯ ಹೆಸರಿಗೆ ಮೊದಲು ಊರ ಹೆಸರೋ ಮನೆತನದ ಹೆಸರೋ ಸೇರಿದಂತೆ. ಅದು ಬರೀ ಅಲಂಕಾರವೂ ಅಲ್ಲ; ಸ್ಕೋಪ್ ಇಲ್ಲದ ಒಳಗಿನ ಹೆಸರನ್ನು ಹೊರಗಿನವರು ಸಾರ್ವಜನಿಕ ರಿಜಿಸ್ಟ್ರಿಯಲ್ಲಿ ತಮ್ಮದಾಗಿಸಿಕೊಳ್ಳಬಹುದು. 2021ರ ಫೆಬ್ರವರಿಯಲ್ಲಿ ಅಲೆಕ್ಸ್ ಬಿರ್ಸಾನ್ ಎಂಬ ಭದ್ರತಾ ಸಂಶೋಧಕರು, ಸಂಸ್ಥೆಗಳು ಒಳಗೆ ಬಳಸುತ್ತಿದ್ದ ಪ್ಯಾಕೇಜುಗಳ ಹೆಸರುಗಳನ್ನೇ ಇಟ್ಟು ಸಾರ್ವಜನಿಕ ರಿಜಿಸ್ಟ್ರಿಗಳಲ್ಲಿ ತಮ್ಮ ಪ್ಯಾಕೇಜು ಪ್ರಕಟಿಸಿ, 35ಕ್ಕೂ ಹೆಚ್ಚು ಸಂಸ್ಥೆಗಳ ಒಳಗೆ ಅದು ಓಡಿದ್ದನ್ನು ಬಹಿರಂಗಪಡಿಸಿದರು. ಅದಕ್ಕೆ ‘ಡಿಪೆಂಡೆನ್ಸಿ ಕನ್‌ಫ್ಯೂಷನ್’ ಎಂಬ ಹೆಸರು ನಿಂತಿತು. ‘ಅವಲಂಬನೆಯ ಗೊಂದಲ’ ಎಂದು ಅನುವಾದಿಸಲು ನನಗೆ ಮನಸ್ಸಿಲ್ಲ, ಏಕೆಂದರೆ ಅಲ್ಲಿ ಯಂತ್ರಕ್ಕೆ ಗೊಂದಲವೇನೂ ಆಗಿರುವುದಿಲ್ಲ. ಉದಾಹರಣೆಗೆ, ಪೈಥಾನ್ ಭಾಷೆಯ ಪ್ಯಾಕೇಜು ಇಳಿಸುವ ಸಾಧನವಾದ ಪಿಪ್‌ಗೆ ಎರಡು ರಿಜಿಸ್ಟ್ರಿಗಳ ವಿಳಾಸ ಕೊಟ್ಟರೆ ಅದು ಎರಡನ್ನೂ ಸಮನಾಗಿ ಕಂಡು, ಯಾವುದರಲ್ಲಿ ಆವೃತ್ತಿಯ ಸಂಖ್ಯೆ ದೊಡ್ಡದೋ ಅದನ್ನು ತೆಗೆದುಕೊಳ್ಳುತ್ತದೆ. ನಿಯಮ ಪಾಲಿಸಿಯೇ ಮೋಸಹೋಗುತ್ತದೆ. ‘ಸಮನಾಮ ವಂಚನೆ’ ಎಂದರೆ ಆಗುವುದನ್ನು ಆದ ಹಾಗೆ ಹೇಳಿದಂತಾಗುತ್ತದೆಯೇ?

ಕೊನೆಯದಾಗಿ, ಪ್ರಕಟವಾದುದನ್ನು ಹಿಂದೆಗೆಯುವ ಕ್ರಿಯಾಪದಗಳು. ‘ಅನ್‌ಪಬ್ಲಿಷ್’ ಸುಲಭ, ‘ಪ್ರಕಟಣೆ ಹಿಂದೆಗೆ’ ಎಂದರಾಯಿತು. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಹೀಗೆ ಹಿಂದೆಗೆದಾಗ ಅದನ್ನು ನೆಚ್ಚಿದ್ದ ಅಸಂಖ್ಯ ಯೋಜನೆಗಳು ಕಟ್ಟಲಾಗದೆ ನಿಂತುಹೋದವು. ‘ಡೆಪ್ರಿಕೇಟ್’ ಎಂಬುದು ಎನ್‌ಪಿಎಂನಲ್ಲಿ ಎಚ್ಚರಿಕೆಯ ಒಂದು ಸಾಲನ್ನಷ್ಟೇ ತೋರಿಸುತ್ತದೆ. ‘ಬಳಕೆ ಬೇಡವೆನ್ನು’ ಎಂದು ಬರೆದಿದ್ದೇನೆ.

ಕೈಕೊಟ್ಟಿರುವುದು ‘ಯ್ಯಾಂಕ್’. ಇಂಗ್ಲಿಷಿನ ಮಾಮೂಲಿ ಅರ್ಥ ಹಿಡಿದು ‘ಕಿತ್ತುಹಾಕು’ ಎಂದರೆ ರೂಬಿ ಭಾಷೆಯ ರಿಜಿಸ್ಟ್ರಿಯಾದ ರೂಬಿಜೆಮ್ಸ್‌ಗೆ ಒಪ್ಪುತ್ತದೆ, ಆದರೆ ರಸ್ಟ್ ಭಾಷೆಯ ಪ್ಯಾಕೇಜು ಸಾಧನವಾದ ಕಾರ್ಗೋಗೂ ಪೈಥಾನ್‌ನ ರಿಜಿಸ್ಟ್ರಿಯಾದ ಪೈಪಿಐಗೂ ಒಪ್ಪುವುದಿಲ್ಲ. ಅಲ್ಲಿ ಕಡತ ಇದ್ದಲ್ಲಿಯೇ ಇರುತ್ತದೆ. ಹೊಸದಾಗಿ ಆಯ್ಕೆ ನಡೆಯುವಾಗ ಆ ಆವೃತ್ತಿಯನ್ನು ಬಿಟ್ಟುಬಿಡಲಾಗುತ್ತದೆ. ಕಾರ್ಗೋದಲ್ಲಿ ಲಾಕ್ ಕಡತದಲ್ಲಿ (ಬಳಸಿದ ಆವೃತ್ತಿಗಳನ್ನು ಗುರುತು ಹಾಕಿಡುವ ಕಡತದಲ್ಲಿ) ಮೊದಲೇ ಅದನ್ನು ಬರೆದುಕೊಂಡವರಿಗೆ, ಪೈಪಿಐಯಲ್ಲಿ ಅದೇ ಆವೃತ್ತಿ ಬೇಕೆಂದು ನಿಖರವಾಗಿ ಕೇಳಿದವರಿಗೆ ಅದು ಸಿಗುತ್ತದೆ. ಹೊಸ ಗಿರಾಕಿಗೆ ‘ಇಲ್ಲ’ ಎಂದು ಹೇಳಿ, ವರ್ತನೆಯವರಿಗೆ ಮಾತ್ರ ಅಳೆದುಕೊಡುವ ಹಾಲಿನವರ ರೀತಿ ಇದು. ‘ತಡೆಹಿಡಿ’ ಎಂದರೆ ಎಲ್ಲರಿಗೂ ತಡೆದಂತಾಗುತ್ತದೆ, ‘ಮರೆಮಾಡು’ ಎಂದರೆ ಕಳ್ಳತನದ ವಾಸನೆ ಬರುತ್ತದೆ. ಹಳಬರಿಗೆ ಕೊಡುತ್ತಾ ಹೊಸಬರಿಗೆ ನಿಲ್ಲಿಸುವುದಕ್ಕೆ ಅಂಗಡಿ, ಮಂಡಿ ಅಥವಾ ಹಾಲಿನ ವ್ಯಾಪಾರದಲ್ಲಿ ಒಂದೇ ಪದವಿದ್ದರೆ, ಯಾವ ಸೀಮೆಯ ಬಳಕೆ ಎಂಬುದರೊಂದಿಗೆ ತಿಳಿಸಬೇಕಾಗಿ ವಿನಂತಿ.